ಬೇಗ ಹುಟ್ಟಿದ ಮಗುವಿನ ಬೆಳವಣಿಗೆ ತಪಾಸಣೆ: ಬಾಣಂತನದಲ್ಲೇ ಶುರು ಮಾಡಿ

ನನ್ನ ಮಗಳು 32 ವಾರಕ್ಕೇ ಹುಟ್ಟಿದಳು. ತೂಕ 1,480 ಗ್ರಾಂ. 24 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿದ್ದು ಹೊರಗೆ ಬಂದಾಗ ಮನೆಯವರೆಲ್ಲ ‘ಸದ್ಯ, ಗಂಡಾಂತರ ಕಳೀತು’ ಅಂದರು. ನಾನೂ ಹಾಗೇ ಅಂದುಕೊಂಡೆ. ಅರಸೀಕೆರೆ ಹತ್ತಿರದ ತವರಿಗೆ ಬಾಣಂತನಕ್ಕೆ ಹೋದೆ. ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತೆ. ನಾಲ್ಕನೇ ದಿನ ಬೆಳಗ್ಗೆ ಮಗುವಿನ ಕಣ್ಣಿನ ಪರೀಕ್ಷೆಗೆ ಹೋಗಬೇಕಿತ್ತು. ನಮ್ಮಮ್ಮ ಬಾಗಿಲಿಗೆ ಅಡ್ಡ ನಿಂತರು. ‘ಹಸಿ ಬಾಣಂತಿ, ಅಂಗೈ ಅಗಲದ ಕೂಸು. ಈಗ ಹೊಸಿಲು ದಾಟೋದಾ?’

ಅಮ್ಮನ ಭಯ ಸುಳ್ಳಲ್ಲ. ಆದರೆ ಬೇಗ ಹುಟ್ಟಿದ ಮಕ್ಕಳಿಗೆ ತೀರಾ ಮುಖ್ಯವಾದ ತಪಾಸಣೆಗಳು ಬರುವುದು ನಾವು ಒಳಗೆ ಕೂರುವ ಆ ದಿನಗಳಲ್ಲೇ. ಕಣ್ಣಿನ ಪರೀಕ್ಷೆ ಮೊದಲ ತಿಂಗಳಲ್ಲಿ. ಕಿವಿಯದ್ದು ಅದರ ಹಿಂದೆಯೇ. ಕೈಕಾಲಿನ ಚಲನೆ ನೋಡುವ ಪರೀಕ್ಷೆ ತವರಿಂದ ಗಂಡನ ಮನೆಗೆ ಹೊರಡುವ ಹೊತ್ತಿಗೆ. ಇವನ್ನು ಮುಂದಕ್ಕೆ ಹಾಕಿದರೆ ಕೆಲವು ಸಲ ಕಳೆದದ್ದು ವಾಪಸ್ ಬರುವುದಿಲ್ಲ. ನಾನು ಡಾಕ್ಟರಲ್ಲ. ಆರು ವರ್ಷ ಈ ಹಾದಿಯಲ್ಲಿ ಓಡಾಡಿದ ತಾಯಿ. ಕಲಿತದ್ದನ್ನು ಬೇರೆ ತಾಯಂದಿರಿಗೆ ದಾಟಿಸಬೇಕು ಅನ್ನುವ ಆಸೆ ನನ್ನದು.

ಯಾರ ಮಗುವಿಗೆ ಇದು ಬೇಕು? 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಗೆ ಮುಂಚಿನ ಹೆರಿಗೆ. 32 ವಾರಕ್ಕಿಂತ ಮೊದಲಾದರೆ ಇನ್ನೂ ಹೆಚ್ಚು ಜೋಪಾನ ಬೇಕು. 28ಕ್ಕಿಂತ ಮೊದಲಾದರೆ ಕೇಳುವುದೇ ಬೇಡ. 35 ವಾರಕ್ಕೆ ಹುಟ್ಟಿದ ಮಗು ನೋಡಲು ಗುಂಡುಗುಂಡಗೆ ಇದ್ದರೂ ಒಂದು ಸಲ ಈ ಪಟ್ಟಿಯನ್ನು ಡಾಕ್ಟರ ಮುಂದಿಟ್ಟು ಯಾವುದು ಬೇಕು, ಯಾವುದು ಬೇಡ ಅಂತ ಕೇಳಿ.

ಮೊದಲು ಲೆಕ್ಕ: ಮಗುವಿಗೆ ಎರಡು ವಯಸ್ಸು

ಒಂದು ಹಾಳೆಯಲ್ಲಿ ಎರಡು ದಿನಾಂಕ ಬರೆಯಿರಿ. ಮಗು ಹುಟ್ಟಿದ ದಿನ ಒಂದು. ಮಗು ಹುಟ್ಟಬೇಕಿದ್ದ ದಿನ ಇನ್ನೊಂದು. ಎರಡನೆಯದು ನಿಮ್ಮ ತಾಯಿ ಕಾರ್ಡ್‌ನಲ್ಲೋ ಸ್ಕ್ಯಾನ್ ರಿಪೋರ್ಟ್‌ನಲ್ಲೋ ಇರುತ್ತದೆ.

ನನ್ನ ಮಗಳು ಹುಟ್ಟಿದ್ದು ಫೆಬ್ರವರಿ 10. ಹುಟ್ಟಬೇಕಿದ್ದದ್ದು ಏಪ್ರಿಲ್ 7. ನಡುವೆ 8 ವಾರ. ಜೂನ್ 10ಕ್ಕೆ ಅವಳು ಹುಟ್ಟಿ ನಾಲ್ಕು ತಿಂಗಳಾಯಿತು. ಆದರೆ ಎರಡನೇ ದಿನಾಂಕದಿಂದ ಎಣಿಸಿದರೆ ಎರಡೇ ತಿಂಗಳು. ಇದಕ್ಕೆ ಡಾಕ್ಟರುಗಳು ಕರೆಕ್ಟೆಡ್ ಏಜ್ ಅನ್ನುತ್ತಾರೆ. ತಿದ್ದಿದ ವಯಸ್ಸು ಅನ್ನೋಣ. ನಗು, ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು ಎಲ್ಲವನ್ನೂ ಈ ವಯಸ್ಸಿನಿಂದಲೇ ಅಳೆಯಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆ ತಿದ್ದಿ ನೋಡುತ್ತಾರೆ.

ಪಕ್ಕದ ಮನೆ ಮಗು ನಾಲ್ಕು ತಿಂಗಳಿಗೆ ಕುತ್ತಿಗೆ ನೆಟ್ಟಗೆ ನಿಲ್ಲಿಸಿದೆ, ನಮ್ಮದು ನಿಲ್ಲಿಸಿಲ್ಲ ಅಂತ ಅಳುವ ತಾಯಂದಿರಿಗೆ ಈ ಲೆಕ್ಕ ದೊಡ್ಡ ಸಮಾಧಾನ. ಆದರೆ ಇದೇ ಲೆಕ್ಕವನ್ನು ನೆಪ ಮಾಡಿಕೊಳ್ಳುವುದೂ ಉಂಟು. ತಿದ್ದಿದ ವಯಸ್ಸಿಗೂ ಮಗು ಹಿಂದೆ ಬಿದ್ದಿದ್ದರೆ ‘ಬೇಗ ಹುಟ್ಟಿದ್ದು ಅಲ್ವಾ, ಬಿಡಿ’ ಅನ್ನಬಾರದು. ಬೇಗ ಹುಟ್ಟಿದ್ದನ್ನು ಆಗಲೇ ಕಳೆದು ಲೆಕ್ಕ ಹಾಕಿದ್ದೇವೆ.

ಒಂದು ಎಚ್ಚರಿಕೆ. ಲಸಿಕೆಗೆ ಈ ಲೆಕ್ಕ ಇಲ್ಲ. ಅದು ಹುಟ್ಟಿದ ದಿನದಿಂದಲೇ. ಕಣ್ಣು, ಕಿವಿಯ ಮೊದಲ ಪರೀಕ್ಷೆಯೂ ಹುಟ್ಟಿದ ದಿನದಿಂದಲೇ.

ಡಿಸ್ಚಾರ್ಜ್ ದಿನ ಆತುರ ಬೇಡ

ಮನೆಗೆ ಹೋಗುವ ಖುಷಿಯಲ್ಲಿ ನಾವು ಕಾಗದ ಓದುವುದಿಲ್ಲ. ಹತ್ತು ನಿಮಿಷ ಕೂತು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇವು ಇವೆಯಾ ನೋಡಿ: ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಹುಟ್ಟಿದ ತಕ್ಷಣ ಅತ್ತಿತಾ, ಆಕ್ಸಿಜನ್ ಅಥವಾ ವೆಂಟಿಲೇಟರ್ ಎಷ್ಟು ದಿನ, ಕಾಮಾಲೆ ಎಷ್ಟಕ್ಕೆ ಏರಿತ್ತು, ಫಿಟ್ಸ್ ಬಂದಿತ್ತಾ, ಸೋಂಕು ಆಗಿತ್ತಾ, ಸಕ್ಕರೆ ಇಳಿದಿತ್ತಾ. ಮುಂದೆ ನೋಡುವ ಪ್ರತಿ ಡಾಕ್ಟರೂ ಇದನ್ನೇ ಕೇಳುತ್ತಾರೆ.

ತಲೆಯ ಸ್ಕ್ಯಾನ್ ಬಗ್ಗೆ ನೀವಾಗಿಯೇ ಕೇಳಿ. ನೆತ್ತಿಯ ಮೆತ್ತಗಿನ ಜಾಗದ ಮೇಲೆ ಇಟ್ಟು ಮಾಡುವ ಅಲ್ಟ್ರಾಸೌಂಡ್ ಅದು. ನೋವಿಲ್ಲ, ವಿಕಿರಣ ಇಲ್ಲ. ತುಂಬಾ ಬೇಗ ಹುಟ್ಟಿದವರಲ್ಲಿ ಮಿದುಳೊಳಗೆ ರಕ್ತ ಸೋರಿದೆಯಾ, ನರದ ಎಳೆಗಳಿರುವ ಭಾಗಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುತ್ತದೆ. ಮೊದಲ ದಿನಗಳಲ್ಲಿ ಒಮ್ಮೆ ಮಾಡಿದರೆ, ಹುಟ್ಟಬೇಕಿದ್ದ ದಿನಾಂಕದ ಆಸುಪಾಸಿನಲ್ಲಿ ಇನ್ನೊಮ್ಮೆ ಬೇಕಾ ಅಂತ ಕೇಳಿಕೊಳ್ಳಿ. ಸ್ಕ್ಯಾನ್ ಚೆನ್ನಾಗಿದೆ ಅಂದರೆ ಮುಂದಿನ ತಪಾಸಣೆ ಬೇಡ ಅಂತ ಅರ್ಥ ಅಲ್ಲ. ಸ್ಕ್ಯಾನ್‌ನಲ್ಲಿ ಏನೋ ಇದೆ ಅಂದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ.

ಎಲ್ಲ ಹಾಳೆಗಳ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ನನ್ನ ಫೈಲು ಒಮ್ಮೆ ಬಸ್ಸಿನಲ್ಲೇ ಉಳಿದುಹೋಯಿತು. ಆ ಫೋಟೊಗಳೇ ಕಾಪಾಡಿದವು.

30 ದಿನದೊಳಗೆ ಕಣ್ಣು

ಒಂದೇ ಒಂದು ತಪಾಸಣೆ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ.

ಕಣ್ಣಿನ ಹಿಂಭಾಗದ ಪರದೆಗೆ ರಕ್ತನಾಳಗಳು ಪೂರ್ತಿ ಹರಡುವುದು ಗರ್ಭದ ಕೊನೆಯ ವಾರಗಳಲ್ಲಿ. ಮಗು ಬೇಗ ಹುಟ್ಟಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಜಾಸ್ತಿಯಾದರೆ ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. ಹೊರಗಿನಿಂದ ಕಣ್ಣು ಹೊಳೆಹೊಳೆಯುತ್ತಲೇ ಇರುತ್ತದೆ. ಕೆಂಪಿಲ್ಲ, ನೀರಿಲ್ಲ, ಪಿಸುರಿಲ್ಲ. ತಾಯಿಗೂ ಗೊತ್ತಾಗಲ್ಲ, ಅಜ್ಜಿಗೂ ಗೊತ್ತಾಗಲ್ಲ. ಸಮಯಕ್ಕೆ ಹಿಡಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ದೃಷ್ಟಿ ಉಳಿಸಬಹುದು. ಬಿಟ್ಟರೆ ಮಗು ಜೀವನಪೂರ್ತಿ ಕುರುಡಾಗಬಹುದು.

ನಮ್ಮ ದೇಶದ ನಿಯಮ ಸರಳ. 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ ತೂಕ 2,000 ಗ್ರಾಂಗಿಂತ ಕಡಿಮೆ ಇದ್ದರೆ, ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ. 28 ವಾರಕ್ಕಿಂತ ಮೊದಲು ಅಥವಾ 1,200 ಗ್ರಾಂಗಿಂತ ಕಡಿಮೆಯಾದರೆ ಇನ್ನೂ ಬೇಗ, ಎರಡರಿಂದ ಮೂರು ವಾರದೊಳಗೆ. 34ರಿಂದ 36 ವಾರದ ಮಗುವಿಗೂ ಆಕ್ಸಿಜನ್, ಸೋಂಕು, ಉಸಿರಾಟದ ತೊಂದರೆ ಆಗಿದ್ದರೆ ಪರೀಕ್ಷೆ ಬೇಕು.

ಪರೀಕ್ಷೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಆಗುವವರೆಗೆ ಕಾಯಿಸುತ್ತಾರೆ. ಆಮೇಲೆ ರೆಪ್ಪೆ ಅಗಲಿಸಿ ಒಂದು ಸಣ್ಣ ಕ್ಲಿಪ್ ಇಡುತ್ತಾರೆ. ಮಗು ಜೋರಾಗಿ ಅಳುತ್ತದೆ. ನೋಡಲು ಕಷ್ಟ, ಆದರೆ ಕೆಲವೇ ನಿಮಿಷ. ಪರೀಕ್ಷೆಗೆ ಸರಿಯಾಗಿ ಮುಂಚೆ ಹಾಲು ಕುಡಿಸಬೇಡಿ, ವಾಂತಿ ಆಗಬಹುದು. ಸುಮಾರು ಒಂದು ಗಂಟೆ ಮುಂಚೆ ಕುಡಿಸಿ ಮುಗಿಸಿ. ಮುಗಿದ ತಕ್ಷಣ ಎದೆಗೆ ಹಾಕಿಕೊಳ್ಳಿ.

‘ಈಗ ಏನಿಲ್ಲ, ಎರಡು ವಾರ ಬಿಟ್ಟು ಬನ್ನಿ’ ಅಂದರೆ ಅದರ ಅರ್ಥ ಏನಿಲ್ಲ ಅಂತಲ್ಲ. ನಾಳಗಳು ಇನ್ನೂ ಪೂರ್ತಿ ಬೆಳೆದಿಲ್ಲ ಅಂತ. ಪೂರ್ತಿ ಬೆಳೆದಿವೆ, ಇನ್ನು ಬರಬೇಡಿ ಅಂತ ಹೇಳುವವರೆಗೂ ಹೋಗಲೇಬೇಕು. ತುಂಬಾ ಮನೆಗಳಲ್ಲಿ ತಪ್ಪುವುದು ಈ ಎರಡನೇ ಭೇಟಿಯೇ. ಚಿಕಿತ್ಸೆ ಬೇಕು ಅಂದರೆ ಎರಡು ಮೂರು ದಿನದೊಳಗೆ ಮಾಡಿಸಬೇಕು. ಒಳ್ಳೆ ದಿನ ನೋಡುತ್ತಾ ಕೂರಲು ಸಮಯ ಇಲ್ಲ.

ಕರ್ನಾಟಕದವರಾದ ನಮಗೆ ಒಂದು ಅನುಕೂಲ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಅನ್ನುವ ಯೋಜನೆ ಶುರು ಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಒಳಗಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಎನ್‌ಐಸಿಯು ಸಿಸ್ಟರ್ ಹತ್ತಿರ ‘ಆರ್‌ಒಪಿ ತಪಾಸಣೆ ಯಾವ ವಾರ?’ ಅಂತ ಕೇಳಿದರೆ ಅವರಿಗೆ ಗೊತ್ತಿರುತ್ತದೆ.

ಅವತ್ತು ಅಮ್ಮನನ್ನೂ ಕರೆದುಕೊಂಡೇ ಹೋದೆ. ಮಗುವನ್ನು ನನ್ನ ಎದೆಗೆ, ಮೈಗೆ ಮೈ ತಾಗಿಸಿ ಕಟ್ಟಿಕೊಂಡೆ. ತಲೆಗೆ ಕುಲಾವಿ, ಮೇಲೆ ಶಾಲು. ಎನ್‌ಐಸಿಯುನಲ್ಲಿ ಕಲಿಸಿದ ಕಾಂಗರೂ ಆರೈಕೆ ಅದೇ ತಾನೆ. ಡಾಕ್ಟರು ಅಮ್ಮನಿಗೇ ಚಿತ್ರ ತೋರಿಸಿ ವಿವರಿಸಿದರು. ಮುಂದಿನ ಭೇಟಿಗೆ ಅಮ್ಮನೇ ಮೊದಲು ರೆಡಿಯಾಗಿದ್ದರು. ಹಿರಿಯರಿಗೆ ಮನೆಯಲ್ಲಿ ವಾದ ಮಾಡಿ ಒಪ್ಪಿಸುವುದಕ್ಕಿಂತ ಜೊತೆಗೆ ಕರೆದೊಯ್ಯುವುದು ಸುಲಭ.

ಕಿವಿ

ಇಲ್ಲಿ ಮೂರು ಸಂಖ್ಯೆ ಸಾಕು: 1, 3, 6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ತೊಂದರೆ ಇದ್ದರೆ ಆರು ತಿಂಗಳೊಳಗೆ ಕಿವಿಯಂತ್ರ ಮತ್ತು ತರಬೇತಿ. ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದ ಮಗುವಿಗೆ ಕಿವಿಯಲ್ಲಿ ಪುಟ್ಟ ಬಿರಡೆ ಇಟ್ಟು ಮಾಡುವ ಒಎಇ ಮಾತ್ರ ಸಾಲದು. ಅದು ಒಳಗಿವಿಯನ್ನಷ್ಟೇ ನೋಡುತ್ತದೆ. ಶಬ್ದ ನರದ ಮೂಲಕ ಮಿದುಳಿಗೆ ಹೋಗುತ್ತಿದೆಯಾ ಅಂತ ನೋಡುವುದು ಬೆರಾ. ಅದನ್ನು ಕೇಳಿ ಮಾಡಿಸಿ. ಮಗು ನಿದ್ದೆ ಮಾಡುವಾಗ ಮಾಡುತ್ತಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ದೇಶಕ್ಕೇ ಹೆಸರಾದ ಜಾಗ.

ಮಾತು ತಡವಾದರೆ ಬಜೆ ತೇದು ನಾಲಿಗೆಗೆ ಸವರುವುದು ನಮ್ಮ ಕಡೆ ರೂಢಿ. ಆದರೆ ಕಿವಿಗೆ ಬೀಳದ ಮಾತನ್ನು ನಾಲಿಗೆ ಕಲಿಯಲಾರದು. ಮೊದಲು ಕಿವಿ ನೋಡಿಸಿ. ಬಾಗಿಲು ಬಡಿದಾಗ ಮಗು ಬೆಚ್ಚಿತು, ಹಾಗಾಗಿ ಕಿವಿ ಕೇಳುತ್ತದೆ ಅಂತ ತೀರ್ಮಾನಿಸಬೇಡಿ.

ತೂಕ ಮತ್ತು ತಲೆಯ ಸುತ್ತಳತೆ

ಎಲ್ಲರೂ ತೂಕ ನೋಡುತ್ತಾರೆ. ತಲೆಯ ಸುತ್ತಳತೆ ಮರೆಯುತ್ತಾರೆ. ತಲೆ ಬೆಳೆಯುವುದು ಒಳಗೆ ಮಿದುಳು ಬೆಳೆಯುತ್ತಿದೆ ಅನ್ನುವುದಕ್ಕೆ. ಪ್ರತಿ ಭೇಟಿಯಲ್ಲೂ ಟೇಪ್ ಹಿಡಿದು ಅಳೆದು ಬರೆದುಕೊಡಲು ಹೇಳಿ. ಬೆಳವಣಿಗೆ ನಿಂತರೂ ಎಚ್ಚರ, ಇದ್ದಕ್ಕಿದ್ದಂತೆ ಜಾಸ್ತಿಯಾದರೂ ಎಚ್ಚರ. ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳನ್ನು ಡಾಕ್ಟರು ಹೇಳಿದಷ್ಟು ದಿನ ಬಿಡದೆ ಕೊಡಿ.

ಮೂರು ತಿಂಗಳ ಭೇಟಿ: ಕೈಕಾಲಿನ ಕುಣಿತ

ಇದು ತಿದ್ದಿದ ವಯಸ್ಸಿನ ಮೂರು ತಿಂಗಳು. ನನ್ನ ಮಗಳಿಗೆ ಅದು ಬಂದದ್ದು ಹುಟ್ಟಿ ಹೆಚ್ಚುಕಮ್ಮಿ ಐದು ತಿಂಗಳಾದಾಗ, ಜುಲೈ ಮೊದಲ ವಾರದಲ್ಲಿ.

ಮಗು ಅಂಗಾತ ಮಲಗಿ ಖುಷಿಯಾಗಿದ್ದಾಗ ನೋಡಿದ್ದೀರಾ? ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಕಾಲು, ಎಲ್ಲ ಕಡೆ ಪುಟ್ಟ ಪುಟ್ಟ ಚಲನೆ, ಒಳಗೇ ಯಾವುದೋ ತಾಳ ನಡೆಯುತ್ತಿರುವ ಹಾಗೆ. ಸುಮಾರು 9ರಿಂದ 20 ವಾರದವರೆಗೆ ಇದು ಕಾಣುತ್ತದೆ. 12ರಿಂದ 14 ವಾರದ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಮಾಯ. ಹಾಯಿನ್ಸ್ ಪ್ರೆಕ್ಟಲ್ ಎಂಬ ವೈದ್ಯರು ಕೂಸುಗಳನ್ನು ವರ್ಷಗಟ್ಟಲೆ ಗಮನಿಸಿ ಇದರ ಬೆಲೆ ತಿಳಿಸಿಕೊಟ್ಟರು. ಈ ಕುಣಿತ ಇದ್ದರೆ ನರಗಳ ವಿಷಯದಲ್ಲಿ ದೊಡ್ಡ ನೆಮ್ಮದಿ. ಇಲ್ಲದಿದ್ದರೆ ಮುಂದೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ, ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಮಗುವನ್ನು ಮುಟ್ಟುವುದೂ ಇಲ್ಲ, ಬರೀ ವಿಡಿಯೊ.

ಅದನ್ನು ನೀವೇ ತೆಗೆಯಬಹುದು. ಹಾಲು ಕುಡಿದು, ನಿದ್ದೆ ಮುಗಿಸಿ, ಅಳದೆ ಎಚ್ಚರವಾಗಿರುವ ಹೊತ್ತು ನೋಡಿ. ಚಾಪೆಯ ಮೇಲೆ ಒಂದೇ ಬಣ್ಣದ ಬಟ್ಟೆ ಹಾಸಿ ಅಂಗಾತ ಮಲಗಿಸಿ. ಕೈ, ಕಾಲು, ಪಾದ ಬರಿದಾಗಿರಲಿ. ಬಳೆ, ಗೆಜ್ಜೆ, ಕಾಲುಚೀಲ ತೆಗೆಯಿರಿ. ಗಿಲಕಿ ಆಡಿಸಬೇಡಿ, ಮಾತಾಡಿಸಬೇಡಿ, ಬಾಯಿಗೆ ನಿಪ್ಪಲ್ ಬೇಡ. ಫೋನನ್ನು ಮೇಲಿನಿಂದ, ತಲೆಯಿಂದ ಕಾಲಿನವರೆಗೆ ಪೂರ್ತಿ ಮೈ ಕಾಣುವಂತೆ ಹಿಡಿದು ಮೂರರಿಂದ ಐದು ನಿಮಿಷ ತೆಗೆಯಿರಿ. ಅತ್ತರೆ ನಿಲ್ಲಿಸಿ, ಇನ್ನೊಂದು ಹೊತ್ತು ತೆಗೆಯಿರಿ. ಇದನ್ನು ಓದಲು ತರಬೇತಿ ಬೇಕು. ಹಾಗಾಗಿ ಫಾಲೋ ಅಪ್ ಕ್ಲಿನಿಕ್‌ನಲ್ಲಿ ತೋರಿಸಿ, ನೀವೇ ತೀರ್ಪು ಕೊಡಬೇಡಿ.

ಅದೇ ಭೇಟಿಯಲ್ಲಿ ಹೈನ್ ಅನ್ನುವ ಪರೀಕ್ಷೆಯನ್ನೂ ಮಾಡಬಹುದು. ಹ್ಯಾಮರ್‌ಸ್ಮಿತ್ ಪದ್ಧತಿ ಅಂತ ಅದರ ಹೆಸರು. ಕಣ್ಣು ಹೊರಳಿಸುವುದು, ಕೈಕಾಲಿನ ಬಿಗುವು, ಎತ್ತಿದಾಗ ಮೈ ಹಿಡಿಯುವ ರೀತಿ ಹೀಗೆ 26 ಅಂಶ, ಒಟ್ಟು 78 ಅಂಕ. ಮೂರು ತಿಂಗಳಲ್ಲಿ 57ಕ್ಕಿಂತ ಕಡಿಮೆ ಬಂದರೆ ತಡ ಮಾಡದೆ ಮುಂದಿನ ಪರೀಕ್ಷೆ, ಫಿಜಿಯೋಥೆರಪಿ. ಕೆಲವು ಕಡೆ ತೊಡೆ, ಮೊಣಕಾಲು, ಪಾದ ಎಷ್ಟು ಬಾಗುತ್ತದೆ ಅಂತ ಕೋನ ಅಳೆಯುತ್ತಾರೆ.

ಇಷ್ಟು ವಿವರ ಯಾಕೆ ಬರೆದೆ ಅಂದರೆ, ನನಗೆ ಇಲ್ಲೇ ಪೆಟ್ಟು ಬಿದ್ದದ್ದು. ಮಗಳ ಎಡಗಾಲು ಬಿಗಿ ಅನ್ನಿಸಿ ಪಟ್ಟಣದ ಒಂದು ಕ್ಲಿನಿಕ್‌ಗೆ ಹೋದಾಗ ‘ಒಂದು ವರ್ಷ ತುಂಬಲಿ, ಆಮೇಲೆ ನೋಡೋಣ’ ಅಂದರು. ಹಿಂದೆ ಹಾಗೇ ಹೇಳುತ್ತಿದ್ದರು. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಶಿಫಾರಸು ಬೇರೆ ಹೇಳುತ್ತದೆ: ಈ ಪರೀಕ್ಷೆಗಳು ಮತ್ತು ಎಂಆರ್‌ಐ ಸೇರಿಸಿ ನೋಡಿದರೆ ಆರು ತಿಂಗಳೊಳಗೇ ಅಪಾಯ ಗುರುತಿಸಬಹುದು, ಆಗಲೇ ಚಿಕಿತ್ಸೆ ಶುರು ಮಾಡಬೇಕು. ನಾನು ಇನ್ನೊಬ್ಬರನ್ನು ಕೇಳಿದೆ. ಐದನೇ ತಿಂಗಳಿಗೆ ಫಿಜಿಯೋಥೆರಪಿ ಶುರುವಾಯಿತು. ಇವತ್ತೂ ಅವಳ ಎಡಗಾಲು ಸ್ವಲ್ಪ ಬಿಗಿ. ಸ್ಪ್ಲಿಂಟ್ ಹಾಕಿಕೊಳ್ಳುತ್ತಾಳೆ. ಶಾಲೆಯ ಮೆಟ್ಟಿಲನ್ನು ಯಾರ ಕೈ ಹಿಡಿಯದೆ ಹತ್ತುತ್ತಾಳೆ. ನಿಮ್ಮ ಮನಸ್ಸು ಏನೋ ಸರಿಯಿಲ್ಲ ಅಂದರೆ ದಯವಿಟ್ಟು ಎರಡನೇ ಡಾಕ್ಟರನ್ನು ಕೇಳಿ.

6, 9, 12, 18, 24 ತಿಂಗಳು

ಇನ್ನು ಮುಂದಿನ ಭೇಟಿಗಳು ಸುಮಾರು ಈ ಅಂತರದಲ್ಲಿ, ತಿದ್ದಿದ ವಯಸ್ಸಿಗೆ. ತಿರುವನಂತಪುರದಲ್ಲಿ ರೂಪುಗೊಂಡ ಟಿಡಿಎಸ್‌ಸಿ ಅನ್ನುವ, ಮಗುವಿನ ಬೆಳವಣಿಗೆ ನೋಡುವ ಚಾರ್ಟ್ ಇದೆ. 17 ಅಂಶ, ಕೆಲವೇ ನಿಮಿಷದ ಕೆಲಸ. ಅದು ಜರಡಿ ಇದ್ದ ಹಾಗೆ. ಅದರಲ್ಲಿ ಸಂಶಯ ಬಂದರೆ, ಅಥವಾ ಮಗು ತುಂಬಾ ಬೇಗ ಹುಟ್ಟಿದ್ದರೆ, ವಿವರವಾದ ಡಿಎಎಸ್ಐಐ ಅಥವಾ ಬೇಯ್ಲಿ ಪರೀಕ್ಷೆ. ಡಿಎಎಸ್ಐಐ ನಮ್ಮ ದೇಶದ ಮಕ್ಕಳಿಗೆಂದೇ ಹೊಂದಿಸಿದ್ದು. ಮೈಚಲನೆಗೆ 67, ಬುದ್ಧಿ ಮತ್ತು ಮಾತಿಗೆ 163 ಅಂಶಗಳಿವೆ. ಮಗು ಗಂಟೆ ಬಾರಿಸುತ್ತದಾ, ಮುಚ್ಚಿಟ್ಟ ಆಟಿಕೆ ಹುಡುಕುತ್ತದಾ, ಕಪ್ಪಿನೊಳಗೆ ಘನ ಹಾಕುತ್ತದಾ ಅಂತ ಆಟದಲ್ಲೇ ನೋಡುತ್ತಾರೆ. ನಿದ್ದೆಗೆಟ್ಟ, ಹಸಿದ ಮಗುವನ್ನು ಕರೆದೊಯ್ಯಬೇಡಿ. ಮಗು ಮಾಡದಿದ್ದಾಗ ನೀವು ಕೈ ಹಿಡಿದು ಮಾಡಿಸಬೇಡಿ. ನಾನು ಮಾಡಿಸಿದ್ದೆ. ಅಂಕ ಜಾಸ್ತಿ ಬಂದರೆ ನಷ್ಟ ಮಗುವಿಗೇ. ಅದಕ್ಕೆ ಬೇಕಾದ ಸಹಾಯ ಮುಂದೆ ಹೋಗುತ್ತದೆ.

ಮನೆಯಲ್ಲಿ ನೋಡಬೇಕಾದ್ದು, ಎಲ್ಲ ತಿದ್ದಿದ ವಯಸ್ಸಿಗೆ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗಬೇಕು. ಮೂರು ದಾಟಿದರೂ ನಗದಿದ್ದರೆ ಹೇಳಿ. ನಾಲ್ಕರ ಹೊತ್ತಿಗೆ ಕುತ್ತಿಗೆ ನಿಲ್ಲಬೇಕು. ಆರರ ಹೊತ್ತಿಗೆ ಮಗುಚಿಕೊಳ್ಳುವುದು, ಆಟಿಕೆಗೆ ಕೈ ಚಾಚುವುದು. ಎಂಟು ಒಂಬತ್ತಕ್ಕೆ ಆಸರೆ ಇಲ್ಲದೆ ಕೂರುವುದು, ಬಬಬ ದದದ ಅನ್ನುವುದು. 18 ತಿಂಗಳಿಗೂ ನಡೆಯದಿದ್ದರೆ ಕಾಯಬೇಡಿ.

ಕೆಲವು ಗುರುತು ಕಂಡರೆ ಮುಂದಿನ ಭೇಟಿಯ ತನಕ ಕಾಯುವುದೇ ಬೇಡ. ನಾಲ್ಕು ತಿಂಗಳಾದರೂ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿದೇ ಇರುವುದು. ಕಾಲು ಕತ್ತರಿಯಂತೆ ಅಡ್ಡ ಆಗುವುದು. ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗುವುದು, ಇಲ್ಲವೇ ಬಟ್ಟೆಯ ಗೊಂಬೆಯಂತೆ ಜೋಲುವುದು. ಒಂದು ವರ್ಷಕ್ಕೆ ಮೊದಲೇ ಒಂದೇ ಕೈಯನ್ನು ಬಳಸುವುದು. ಇದನ್ನು ನೋಡಿ ‘ಎಡಚ ಆಗ್ತಾನೆ’ ಅಂತ ಖುಷಿಪಡುತ್ತೇವೆ. ನಿಜವಾಗಿ ಇನ್ನೊಂದು ಕೈ ದುರ್ಬಲ ಇರಬಹುದು. ಎದ್ದ ತಕ್ಷಣ ಮಗು ಮತ್ತೆ ಮತ್ತೆ ಬೆಚ್ಚಿದಂತೆ ಮುಂದಕ್ಕೆ ಬಗ್ಗುತ್ತಿದ್ದರೆ ಹೊಟ್ಟೆನೋವು ಅಂದುಕೊಳ್ಳಬೇಡಿ. ಅದು ಒಂದು ಬಗೆಯ ಫಿಟ್ಸ್ ಇರಬಹುದು. ವಿಡಿಯೊ ತೆಗೆದು ಅವತ್ತೇ ಹೋಗಿ.

ಮನೆಯ ಆರೈಕೆ

ಎಚ್ಚರವಾಗಿದ್ದಾಗ, ನೀವು ಪಕ್ಕದಲ್ಲಿದ್ದಾಗ ಬೋರಲು ಮಲಗಿಸಿ ಆಡಿಸಿ. ನಿದ್ದೆಗೆ ಯಾವಾಗಲೂ ಅಂಗಾತ. ಮಾತಾಡಿ, ಹಾಡಿ, ಜೋಗುಳಕ್ಕಿಂತ ಒಳ್ಳೆ ಮಾತಿನ ಪಾಠ ಇಲ್ಲ. ಎಣ್ಣೆ ಹಚ್ಚುವುದಾದರೆ ಡಾಕ್ಟರನ್ನು ಕೇಳಿ, ಮೆತ್ತಗೆ. ಕಾಲು ಹಿಡಿದು ಎಳೆಯುವುದು, ತಲೆಕೆಳಗೆ ಮಾಡುವುದು ಬೇಡ. ಸಾಂಬ್ರಾಣಿ ಹೊಗೆ ಬೇಡವೇ ಬೇಡ. ಆ ಪುಟ್ಟ ಶ್ವಾಸಕೋಶ ಈಗಷ್ಟೇ ಉಸಿರಾಡಲು ಕಲಿತಿದೆ. ವಾಕರ್ ತರಬೇಡಿ. ಅದು ನಡಿಗೆ ಕಲಿಸುವುದಿಲ್ಲ, ಬೆರಳ ತುದಿಯಲ್ಲಿ ನಿಲ್ಲುವ ಅಭ್ಯಾಸ ಮಾಡಿಸುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಎಲ್ಲಿಗೆ ಹೋಗಬೇಕು

ಹುಟ್ಟಿದ ಆಸ್ಪತ್ರೆಯಲ್ಲೇ ಫಾಲೋ ಅಪ್ ಕ್ಲಿನಿಕ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಕೇಂದ್ರ ಅದು. ಮಕ್ಕಳ ಡಾಕ್ಟರು, ಫಿಜಿಯೋಥೆರಪಿ, ಮಾತು, ಕಿವಿ, ಕಣ್ಣು ಎಲ್ಲ ಒಂದೇ ಸೂರಿನಡಿ, ಉಚಿತವಾಗಿ ಸಿಗಬೇಕು ಅನ್ನುವುದು ಅದರ ಉದ್ದೇಶ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಹಳ್ಳಿಯಲ್ಲಿದ್ದರೆ ಆಶಾ ಅಕ್ಕನಿಗೆ ಮೊದಲ ದಿನವೇ ಹೇಳಿ. ಹೆರಿಗೆಯಾದ ಮೇಲೆ 42 ದಿನದವರೆಗೆ ಅವರು ಮನೆಗೆ ಬರುತ್ತಾರೆ. ತವರಿಂದ ಗಂಡನ ಮನೆಗೆ ಹೋಗುವಾಗ ಅಲ್ಲಿನ ಆಶಾ ಅಕ್ಕನ ನಂಬರನ್ನೂ ತೆಗೆದುಕೊಳ್ಳಿ. ಊರು ಬದಲಾಗುವ ಆ ವಾರದಲ್ಲೇ ಎಷ್ಟೋ ಮಕ್ಕಳ ಭೇಟಿ ತಪ್ಪಿಹೋಗುತ್ತದೆ.

ಎರಡು ವರ್ಷ ತುಂಬಿದಾಗ

ಈ ಭೇಟಿಯನ್ನು ಬಿಡಬೇಡಿ. ಮಾತು, ಜನರ ಜೊತೆ ಬೆರೆಯುವುದು, ಗಮನ ಇವೆಲ್ಲ ಸ್ಪಷ್ಟವಾಗಿ ಕಾಣುವುದು ಈಗ. ಹೆಸರು ಕರೆದರೆ ತಿರುಗುತ್ತದಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದಾ, ಎರಡು ಪದ ಸೇರಿಸಿ ಮಾತಾಡುತ್ತದಾ ಅಂತ ಕೇಳುತ್ತಾರೆ. ಹೋಗುವ ಮೊದಲು ಮಗು ಆಡುವ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಲ್ಲಿ ಹೋದರೆ ಮಗುವಿನ ಬಾಯಿಯೂ ಕಟ್ಟುತ್ತದೆ, ನಮ್ಮ ನೆನಪೂ ಕೈಕೊಡುತ್ತದೆ.

ಕಣ್ಣನ್ನು ಈ ಹೊತ್ತಿಗೆ ಮತ್ತೊಮ್ಮೆ ತೋರಿಸಿರಬೇಕು. ಆರ್‌ಒಪಿ ಇಲ್ಲದಿದ್ದರೂ ಬೇಗ ಹುಟ್ಟಿದವರಲ್ಲಿ ಮೆಳ್ಳೆಗಣ್ಣು, ದೃಷ್ಟಿದೋಷ ಬೇರೆ ಮಕ್ಕಳಿಗಿಂತ ಜಾಸ್ತಿ. ಶಾಲೆಗೆ ಸೇರಿಸುವ ಮುಂಚೆ ಇನ್ನೊಂದು ಸಲ. ಆ ಹಳೇ ಡಿಸ್ಚಾರ್ಜ್ ಸಮ್ಮರಿಯನ್ನು ಅಲ್ಲಿಯವರೆಗೂ ಎಸೆಯಬೇಡಿ. ಒಂದನೇ ಕ್ಲಾಸಿನಲ್ಲಿ ಮಗು ಬರೆಯಲು ಒದ್ದಾಡಿದರೆ, ಲೆಕ್ಕದಲ್ಲಿ ಹಿಂದೆ ಬಿದ್ದರೆ, ಅದರ ಒಂದು ಪ್ರತಿಯನ್ನು ತೆಗೆದುಕೊಂಡು ಹೋಗಿ ಟೀಚರ್ ಜೊತೆ ಕೂತು ಮಾತಾಡಿ.